ತಮಟೆಗೆ ಬೇಕಾದ ಕರೆಂಟು

ನಮ್ಮೂರಿನಲ್ಲಿ ಕಾರು ಕೊಳ್ಳಲು ಹೊರಟವರು ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುವುದು ಆಮೇಲೆ. ಮೊದಲು ಮನೆಯಲ್ಲಿ ಮಾತನಾಡುವವರು ಎಷ್ಟು ಜನ ಇದ್ದಾರೆ ಎಂದು ಎಣಿಸಿಕೊಳ್ಳುತ್ತಾರೆ. ಪೆಟ್ರೋಲು ಎಂಜಿನ್ ಓಡಿಸುತ್ತದೆ, ಅದಕ್ಕೇನೂ ತಕರಾರಿಲ್ಲ. ಆದರೆ ಹೆಡ್‌ಲೈಟು ಉರಿಯಬೇಕು, ಹಾರನ್ ಕೂಗಬೇಕು, ವೈಪರ್ ಆಡಬೇಕು ಅಂದರೆ ಒಳಗೆ ಕೂತವರು ಬಾಯಿ ಬಿಡಬೇಕು. ಮಾತು ನಿಂತರೆ ಬ್ಯಾಟರಿಯಲ್ಲಿ ಉಳಿದದ್ದು ಮುಗಿಯುವವರೆಗೆ ಗಾಡಿ, ಆಮೇಲೆ ಇಳಿದು ತಳ್ಳುವುದು. ಗಂಡ ಹೆಂಡತಿ ಮುನಿಸಿಕೊಂಡು ಹೊರಟ ಕಾರನ್ನು ಎದುರಿನಿಂದ ಬರುವಾಗಲೇ ಗುರುತು ಹಿಡಿಯಬಹುದು. ಅದರ ದೀಪ ಬೆಲ್ಲದ ಬಣ್ಣಕ್ಕಿರುತ್ತದೆ. ನಾವು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇವೆ. ಕಾನ್ವೆಂಟಿನ ವ್ಯಾನಿನದು ಇದಕ್ಕೆ ತಿರುಗುಮುರುಗು. ಹದಿನೆಂಟು ಮಕ್ಕಳು ಒಟ್ಟಿಗೆ ಕಿರುಚುವಾಗ ವೋಲ್ಟೇಜು ಹತೋಟಿಗೆ ಸಿಗದೆ ವಾರಕ್ಕೆರಡು ಸಲ ಬಲ್ಬು ಸುಟ್ಟುಹೋಗುತ್ತವೆ. ಅದರ ಡ್ರೈವರನ ಹೆಂಡತಿ ಜಾಣೆ. ಸೀಟಿನ ಕೆಳಗೆ ಗ್ರೈಂಡರ್ ಇಡಿಸಿ, ಸಂಜೆಯ ಟ್ರಿಪ್ಪಿನಲ್ಲೇ ಮಾರನೆಯ ದಿನದ ಇಡ್ಲಿ ಹಿಟ್ಟು ರುಬ್ಬಿಸಿಕೊಳ್ಳುತ್ತಾಳೆ.

ನನ್ನ ಹೆಸರು ಚನ್ನಿಗಪ್ಪ. ಕಾರುಗಳ ವೈರಿಂಗ್ ನನ್ನ ಕಸುಬು. ಅಂಗಡಿಯೂ ಮೀಟರೂ ಅಪ್ಪ ಡೈನಮೋ ತಿಮ್ಮಯ್ಯನಿಂದ ಬಂದದ್ದು. ಅಪ್ಪನ ನಾಲಿಗೆ ಮಾತ್ರ ನನಗೆ ಬರಲಿಲ್ಲ. ನಾಲ್ಕು ಮಾತಾಡಬೇಕಾದ ಕಡೆ ಒಂದಾಡಿ ಮೂರನ್ನು ನಾಳೆಗಿಡುವ ಜಾತಿ ಎಂದು ನನ್ನ ಹೆಂಡತಿ ಸುಂದ್ರಿ ಹಂಗಿಸುತ್ತಾಳೆ. ಆದ್ದರಿಂದಲೇ ಊರಿನ ಕಾರುಗಳನ್ನೆಲ್ಲ ರಿಪೇರಿ ಮಾಡುವ ನಾನು ಓಡಾಡುವುದು ಸೈಕಲ್ಲಿನಲ್ಲಿ. ಆದರೆ ಯಾವ ಮಾತಿಗೆ ಎಷ್ಟು ಕರೆಂಟು ಎಂಬುದನ್ನು ನನ್ನಷ್ಟು ಬಲ್ಲವರಿಲ್ಲ. ಅತ್ತೆ ಸೊಸೆಯ ಮೇಲೆ ಹೇಳುವ ದೂರಿಗೆ ಸಲೀಸಾಗಿ ಹದಿನೈದು ಆಂಪಿಯರ್ ಬರುತ್ತದೆ, ಸೊಸೆ ಅತ್ತೆಯ ಮೇಲೆ ಹೇಳುವುದಕ್ಕೂ ಅಷ್ಟೇ. ಸ್ವಂತ ಮಕ್ಕಳನ್ನು ಹೊಗಳಿದರೆ ಮೂರು. ಸುಳ್ಳಿಗೆ ವೋಲ್ಟೇಜು ಜಾಸ್ತಿ, ಆದರೆ ಬ್ಯಾಟರಿಯ ನೀರು ಬೇಗ ಒಣಗುತ್ತದೆ. ಎಲೆಕ್ಷನ್ ಮುಗಿದ ವಾರ ನಮಗೆ ಕೈತುಂಬ ಕೆಲಸ. ಬುದ್ಧಿವಾದಕ್ಕೆ ಮೀಟರಿನ ಮುಳ್ಳು ಅಲ್ಲಾಡುವುದೇ ಇಲ್ಲ, ಕೆಲವರದಕ್ಕೆ ಹಿಂದಕ್ಕೂ ಹೋಗುತ್ತದೆ. ಗೋಡೆಗೆ ಹೇಳಿದ ಮಾತಿಗೆ ಕರೆಂಟಿಲ್ಲ, ಯಾರಿಗೆ ಹೇಳಬೇಕೋ ಅವರು ಕಾರಿನಲ್ಲಿರಬೇಕು. ಒಮ್ಮೆ ಆಡಿದ ಮಾತನ್ನೇ ಎರಡನೇ ಸಲ ಆಡಿದರೂ ಏನೂ ಬರುವುದಿಲ್ಲ. ನಮ್ಮೂರಿನ ಮುದುಕರು ದಿನಕ್ಕೊಂದು ಹೊಸ ಕಥೆ ಕಟ್ಟುವುದು ಈ ಕಾರಣಕ್ಕೆ.

ಇನ್ನು ರಿಟೈರಾಗುವವರ ವಿಷಯ. ನಮ್ಮಲ್ಲಿ ನೌಕರಿ ಮುಗಿದವರನ್ನು ಆಫೀಸಿನ ಬಾಗಿಲಿಂದ ಮನೆಯ ಹೊಸ್ತಿಲವರೆಗೆ ಕಾರಿನಲ್ಲಿ, ಹಾಡು ಹಾಕಿಕೊಂಡು, ನಡಿಗೆಯ ವೇಗದಲ್ಲಿ ಕರೆದೊಯ್ಯಬೇಕು. ಹಾಡು ನಡುವೆ ನಿಲ್ಲಬಾರದು. ನಿಂತರೆ ರಿಟೈರಾದ ಹಾಗಲ್ಲ. ಮಾರನೆಯ ದಿನ ಹತ್ತು ಗಂಟೆಗೆ ಹಾಜರಾಗಿ ಇನ್ನೊಂದು ವರ್ಷ ದುಡಿಯಬೇಕು. ಇದನ್ನು ನೋಡಿಕೊಳ್ಳಲು ಆಫೀಸಿನ ಸಾಹೇಬರು ಹಾಜರಿ ಪುಸ್ತಕವನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ಕಾರಿನ ಹಿಂದೆ ಐವತ್ತು ಹೆಜ್ಜೆ ಬಿಟ್ಟು ಬರುತ್ತಾರೆ. ಅವರ ಕಿವಿಗೆ ಹಾಡು ಕೇಳುತ್ತಲೇ ಇರಬೇಕು. ತಾಲ್ಲೂಕು ಕಚೇರಿಯಲ್ಲಿ ಎಂಬತ್ತೊಂದು ವರ್ಷದ ಗುಮಾಸ್ತರೊಬ್ಬರಿದ್ದಾರೆ. ಪಾಪ, ಹೆಂಡತಿ ಮಕ್ಕಳೆಲ್ಲ ಮೌನಿಗಳು. ಹಣೆಬರಹ ಎಂದುಕೊಂಡು ಇನ್ನೂ ಫೈಲು ಕಟ್ಟುತ್ತಿದ್ದಾರೆ.

ಟೆಲಿಫೋನ್ ಎಕ್ಸ್‌ಚೇಂಜಿನ ದೇವೀರಮ್ಮ ಅದೇ ದಾರಿ ಹಿಡಿದಿದ್ದರು. ನಮ್ಮೂರಿನಲ್ಲಿ ಇಂದಿಗೂ ಫೋನು ಮಾಡಬೇಕಾದರೆ ಎಕ್ಸ್‌ಚೇಂಜಿಗೆ ಹೇಳಿ ಲೈನು ಕೊಡಿಸಿಕೊಳ್ಳಬೇಕು. ಮೂವತ್ತೆಂಟು ವರ್ಷ ಆ ಲೈನುಗಳನ್ನು ಕೊಟ್ಟವರು ದೇವೀರಮ್ಮ. ಕಿವಿಗೆ ಪಟ್ಟಿ ಕಟ್ಟಿಕೊಂಡು ಊರಿನ ಮಾತನ್ನೆಲ್ಲ ಕೇಳುವುದು, ತಾವು ಬಾಯಿ ಬಿಡದಿರುವುದು, ಇದು ಅವರ ನೌಕರಿ. ಎರಡು ಸಲ ಅವರ ಮೆರವಣಿಗೆ ಹೊರಟು ಎರಡು ಸಲವೂ ನಿಂತುಹೋಗಿತ್ತು. ಮೊದಲ ವರ್ಷ, ಬಾಡಿಗೆಗೆ ಮಾತನಾಡುವ ಅಕ್ಕತಂಗಿಯರಾದ ಗೌರಕ್ಕ ಮತ್ತು ಜಯಕ್ಕನನ್ನು ಹಿಂದೆ ಕೂರಿಸಿದ್ದರು. ಹಾಡು ಎಷ್ಟು ಚೆನ್ನಾಗಿತ್ತೆಂದರೆ ಇಬ್ಬರೂ ಮಾತು ಮರೆತು ತಾಳ ಹಾಕುತ್ತ ಕೂತರು. ಸೀಮೆಎಣ್ಣೆ ಡಿಪೋದ ತಿರುವಿನಲ್ಲಿ ಬ್ಯಾಟರಿ ಮಲಗಿತು. ಎರಡನೆಯ ವರ್ಷ ಇಬ್ಬರಿಗೂ ಜಗಳ ಹತ್ತಿತು. ಕರೆಂಟು ಭೋರ್ಗರೆದು ಬಂತು, ಹಾಡು ಊರ ಹೊರಗಿನ ಕೆರೆಯವರೆಗೂ ಕೇಳಿತಂತೆ. ಆದರೆ ಬಸ್‌ಸ್ಟ್ಯಾಂಡಿನ ಹತ್ತಿರ ಜಯಕ್ಕ ಬಾಗಿಲು ತೆಗೆದು ಇಳಿದೇಬಿಟ್ಟಳು. ಒಬ್ಬರೇ ಜಗಳವಾಡಲಾಗುತ್ತದೆಯೇ? ದೇವೀರಮ್ಮ ಮಾರನೆಯ ದಿನ ಮತ್ತೆ ಕಿವಿಪಟ್ಟಿ ಕಟ್ಟಿಕೊಂಡರು. ಆಗ ಅವರಿಗೆ ಅರವತ್ತೆರಡು.

ಮೂರನೆಯ ವರ್ಷ ಅವರು ನೇರ ನನ್ನ ಅಂಗಡಿಗೆ ಬಂದರು. ಹಾಡು ಬೇಡ, ತಮಟೆ ಬೇಕು ಎಂದರು. ಮೂವತ್ತೆಂಟು ವರ್ಷ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟುವ ದನಿಗಳನ್ನು ಕೇಳಿ ಸಾಕಾಗಿದೆ, ಒಂದು ದಿನವಾದರೂ ಎದೆಗೆ ಗುದ್ದುವಂಥದ್ದನ್ನು ಕೇಳಿಕೊಂಡು ಮನೆಗೆ ಹೋಗಬೇಕು, ಈ ಸಲ ನಿಂತರೆ ಇನ್ನು ಎಕ್ಸ್‌ಚೇಂಜಿನಿಂದಲೇ ಹೆಣ ಎತ್ತಬೇಕು ಎಂದರು.

ನಾನು ಸ್ಲೇಟು ತೆಗೆದುಕೊಂಡು ಲೆಕ್ಕ ಹಾಕಿದೆ. ತಮಟೆ ತಮಟೆಯ ಹಾಗೆ ಕೇಳಬೇಕಾದರೆ ಸಾವಿರದಿನ್ನೂರು ವ್ಯಾಟಿನ ಆಂಪ್ಲಿಫೈಯರ್ ಬೇಕು. ಹನ್ನೆರಡು ವೋಲ್ಟಿನ ಕಾರಿನಲ್ಲಿ ಅದಕ್ಕೆ ನೂರು ಆಂಪಿಯರ್. ಗೌರಕ್ಕ ಜಯಕ್ಕ ಪ್ರಾಣ ಬಿಟ್ಟು ಮಾತಾಡಿದರೂ ಇಬ್ಬರಿಂದ ನಲವತ್ತು. ತಮಟೆಯೇನೂ ಇಡೀ ಹೊತ್ತು ನೂರು ಕೇಳುವುದಿಲ್ಲ, ಪೆಟ್ಟು ಬಿದ್ದ ಗಳಿಗೆಗೆ ಮಾತ್ರ ಕೇಳುತ್ತದೆ. ಆದರೆ ಆ ಗಳಿಗೆಯಲ್ಲಿ ಇಲ್ಲ ಎನ್ನಬಾರದು. ಎರಡು ಬ್ಯಾಟರಿ ಜೋಡಿಸಿದರೆ ಮುಕ್ಕಾಲು ದಾರಿ ಸಾಗೀತು. ಕೊನೆಗೆ ಮೇಗಲಕೇರಿಯ ಏರು ಇದೆಯಲ್ಲ, ಅಲ್ಲಿ ಬ್ಯಾಟರಿಯೂ ಬಳಲಿ, ಹೆಂಗಸರ ಮಾತೂ ಬಳಲಿ, ಮುಳ್ಳು ಹತ್ತೂವರೆಗೆ ಇಳಿಯುತ್ತದೆ. ಹತ್ತೂವರೆ ವೋಲ್ಟಿಗೆ ಆಂಪ್ಲಿಫೈಯರ್ ತಾನಾಗಿ ಬಾಯಿ ಮುಚ್ಚುತ್ತದೆ. ದೇವೀರಮ್ಮನ ಮನೆ ಏರಿನ ತುದಿಯಲ್ಲಿದೆ. ಇಂಥ ಕಡೆಗೆ ನಮ್ಮ ಕಸುಬಿನಲ್ಲಿ ಇರುವುದು ಒಂದೇ ಉಪಾಯ, ಕಟ್ಟಿಟ್ಟ ಮಾತು. ಯಾರಾದರೂ ವರ್ಷಗಟ್ಟಲೆ ಹೇಳದೆ ಒಳಗಿಟ್ಟುಕೊಂಡದ್ದನ್ನು ಕಾರಿನಲ್ಲಿ ಹೇಳಿಬಿಟ್ಟರೆ, ಎಷ್ಟು ವರ್ಷ ಇಟ್ಟಿದ್ದರೋ ಅಷ್ಟೂ ಕರೆಂಟು ಒಟ್ಟಿಗೆ ನುಗ್ಗುತ್ತದೆ. ಆದರೆ ಅಂಥವರನ್ನು ಹುಡುಕುವುದೆಲ್ಲಿ? ನಮ್ಮೂರಿನವರಿಗೆ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ದೀಪ ಹಚ್ಚಲು ಬೇಕೆಂದು ಆಗಿಂದಾಗಲೇ ಹೇಳಿ ಮುಗಿಸಿರುತ್ತಾರೆ.

ಇದನ್ನೆಲ್ಲ ದೇವೀರಮ್ಮನಿಗೆ ವಿವರಿಸಿದೆ. ಅವರು ಸ್ಲೇಟನ್ನು ನೋಡಲೇ ಇಲ್ಲ.

"ಕಟ್ಟಿಟ್ಟ ಮಾತು ಬೇಕು ಅಂತ ನಂಗೂ ಗೊತ್ತು ಕಣಪ್ಪ ಚನ್ನಿಗ. ಅದು ಯಾರ ಹತ್ರ ಐತೆ ಅಂತ್ಲೂ ಗೊತ್ತು. ಎದುರಂಗಡಿಗೆ ಫೋನ್ ಬುಕ್ ಮಾಡಿ, ಲೈನ್ ಕೊಟ್ಟ ಮ್ಯಾಲೆ ತುಟಿ ಪಿಟಕ್ ಅನ್ದೆ ಮೂರು ನಿಮಿಷ ಹಿಡ್ಕೊಂಡು ಕೂರೋನು ಈ ಊರಲ್ಲಿ ಒಬ್ಬನೇ. ಹನ್ನೊಂದು ವರ್ಷ ಆಯ್ತು, ವರ್ಷಕ್ಕೊಂದು ಸಲ."

ನನ್ನ ಕೈಯಲ್ಲಿದ್ದ ಬಳಪ ಮುರಿಯಿತು. ಎದುರಂಗಡಿ ಎಂದರೆ ನನ್ನ ಅಣ್ಣ ಮುದ್ದಯ್ಯನ ಬ್ಯಾಟರಿ ಅಂಗಡಿ. ನಡುವೆ ಇರುವುದು ಇಪ್ಪತ್ತಡಿ ರಸ್ತೆ. ಹನ್ನೊಂದು ವರ್ಷದಿಂದ ನಾವಿಬ್ಬರೂ ಮಾತಾಡಿಲ್ಲ. ಗಿರಾಕಿಯ ಕಾರಿಗೆ ಬ್ಯಾಟರಿ ಬೇಕಾದರೆ ಸುಂದ್ರಿ ರಸ್ತೆ ದಾಟಿ ಕೇಳಿ ಬರುತ್ತಾಳೆ.

ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಕಾಲದಲ್ಲಿ ಅಪ್ಪನ ಅಂಗಡಿಯಲ್ಲಿ ದೊಡ್ಡ ವೈರಿಂಗ್ ಏನಿದ್ದರೂ ಅಣ್ಣನದೇ. ಅವನ ಕೈ ಅಂಥದ್ದು. ಅಪ್ಪನ ಬಿಳಿ ಕಾರಿಗೆ ಅವನು ಒಂದು ಸಾಯಂಕಾಲ ಆಂಪ್ಲಿಫೈಯರ್ ಕೂರಿಸಿದ. ಮಾರನೆಯ ಬೆಳಿಗ್ಗೆ ನನಗೆ ಹುಕಿ ಬಂತು, ಇನ್ನೂ ದಪ್ಪನೆಯ ವೈರು ಎಳೆದು ಅಪ್ಪನಿಂದ ಶಹಬ್ಬಾಸ್ ಅನ್ನಿಸಿಕೊಳ್ಳಬೇಕು ಎಂದು. ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸ್ ಇರಬೇಕೆನ್ನುವುದು ಕಸುಬಿನ ಮೊದಲ ಪಾಠ. ಅಣ್ಣ ಹಾಕಿದ್ದ ಫ್ಯೂಸು ನನ್ನ ದಪ್ಪ ವೈರಿಗೆ ಚಿಕ್ಕದಾಯಿತು. ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ, ಮೊದಲು ಹಾಡು ಕೇಳೋಣ, ದೊಡ್ಡದನ್ನು ತಿಂಡಿ ತಿಂದು ಬಂದು ಹಾಕೋಣ ಎಂದುಕೊಂಡೆ. ನಾನು ಉದ್ದಿನವಡೆ ತಿನ್ನುತ್ತಿದ್ದಾಗ ವೈರು ತಗಡಿನ ಅಂಚಿಗೆ ಉಜ್ಜಿ ಕಾರು ಹೊತ್ತಿಕೊಂಡಿತು. ನಾನು ಓಡಿ ಬರುವಷ್ಟರಲ್ಲಿ ಅಣ್ಣ ಮರಳು ಎರಚುತ್ತಿದ್ದ. ವೈರುಗಳೆಲ್ಲ ಸುಟ್ಟು ಒಂದೇ ಗಂಟಾಗಿದ್ದವು. ಅಪ್ಪ ಸುಟ್ಟ ಬಾನೆಟ್ಟಿನೊಳಗೆ ತಡಕಾಡಿ, ಫ್ಯೂಸ್ ಎಲ್ಲಿ ಎಂದು ಅಣ್ಣನನ್ನು ಕೇಳಿದರು. ಹಾಕಿದ್ದೆ ಎಂದ ಅಣ್ಣ. ಹಾಕಿದ್ದರೆ ಇಲ್ಲಿ ಇರುತ್ತಿತ್ತು ಎಂದರು ಅಪ್ಪ. ಅಣ್ಣ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ, ಹಾಕಿದ್ದೆ ಅಂತ ಅಂದುಕೊಂಡಿದ್ದೆ ಎಂದ. ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡು ರಸ್ತೆ ನೋಡುತ್ತಿದ್ದೆ.

ಅವತ್ತೇ ಅವನು ಇಕ್ಕಳ ಕೆಳಗಿಟ್ಟು ಅಂಗಡಿಯಿಂದ ಇಳಿದವನು ಮತ್ತೆ ವೈರು ಮುಟ್ಟಲಿಲ್ಲ. ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಯಿತು. ಎದುರಿಗೆ ಬ್ಯಾಟರಿ ಮಾರಲು ಕೂತ. ಸಂಜೆ ಬೀಗ ಹಾಕಿ ನಾಲ್ಕು ಸಲ ಎಳೆದು ನೋಡುತ್ತಾನೆ, ಬಾವಿಕಟ್ಟೆಯವರೆಗೆ ಹೋಗಿ ವಾಪಸು ಬಂದು ಮತ್ತೆ ಎಳೆಯುತ್ತಾನೆ. ಅದನ್ನು ದಿನಾ ನನ್ನ ಅಂಗಡಿಯಿಂದ ನೋಡುತ್ತೇನೆ. ಅವನು ಮಾತು ಬಿಟ್ಟದ್ದು ನಾಚಿಕೆಗೆ, ನಾನು ಬಿಟ್ಟದ್ದು ಹೆದರಿಕೆಗೆ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು, ಫ್ಯೂಸ್ ಮರೆತವನು ದೊಡ್ಡ ಮಗ ಎಂದು ನಂಬಿಕೊಂಡೇ ಹೋದರು. ಕಾರು ಸುಟ್ಟ ತಾರೀಖಿಗೆ ಪ್ರತಿವರ್ಷ ನಾನು ಫೋನು ಬುಕ್ ಮಾಡುತ್ತೇನೆ. ಅಣ್ಣ ಎತ್ತುತ್ತಾನೆ, ಹಲೋ ಎನ್ನುತ್ತಾನೆ. ಮೂರು ನಿಮಿಷ ಮುಗಿದು ಲೈನು ಕಡಿಯುತ್ತದೆ.

ದೇವೀರಮ್ಮ ಏನು ಎತ್ತ ಎಂದು ಕೇಳಲಿಲ್ಲ. ಅವರಿಗೆ ಬೇಕಾದದ್ದು ನನ್ನ ಪಾಪವಲ್ಲ, ಅದರ ವೋಲ್ಟೇಜು.

"ನಿನ್ನ ಮಾತು ನಂಗೂ ಬ್ಯಾಡ, ಊರಿಗೂ ಬ್ಯಾಡ. ಮ್ಯಾಗೆ ತಮಟೆ ಹೊಡೀತಿರ್ತದೆ, ಒಂದಕ್ಷರ ಯಾರ್ಗೂ ಕೇಳ್ಸಲ್ಲ. ನಿಮ್ಮಣ್ಣ ಪಕ್ಕದಲ್ಲಿ ಕೂತಿರ್ಲಿ, ಸಾಕು. ನೀನು ಹೇಳ್ದಂಗೂ ಆಯ್ತು, ನಾನು ಮನೆ ಸೇರ್ದಂಗೂ ಆಯ್ತು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗಿತ್ತು ಅವರ ಉಪಾಯ. ಸುಳ್ಳೇಕೆ, ನನಗೆ ಖುಷಿಯಾಯಿತು. ಅಣ್ಣನೆದುರಿಗೇ ಹೇಳಿದ ಹಾಗೂ ಆಗಬೇಕು, ಅವನಿಗೆ ತಿಳಿಯಲೂ ಬಾರದು, ಇಂಥ ಪ್ರಾಯಶ್ಚಿತ್ತ ಯಾವ ಪುರೋಹಿತ ಹೇಳಿಕೊಟ್ಟಾನು? ಒಪ್ಪಿಕೊಂಡೆ.

ಅಣ್ಣನನ್ನು ಕಾರಿನಲ್ಲಿ ಕೂರಿಸುವುದು ಕಷ್ಟವಾಗಲಿಲ್ಲ. ಕಾರು ಬಾಡಿಗೆಯದು, ಓಡಿಸುವವನು ನಾನು, ಬ್ಯಾಟರಿ ಎರಡೂ ಅವನವೇ. ಅವನ್ನು ಬಿಗಿಯಲು ಬಂದವನು ಟರ್ಮಿನಲ್ಲುಗಳನ್ನು ನಾಲ್ಕು ಸಲ ತಿರುವಿ ನೋಡಿ, ಹೊರಟು, ಮತ್ತೆ ಬಂದು ಐದನೆಯ ಸಲ ತಿರುವಿದ. ದೇವೀರಮ್ಮ ಆಗ, ಅಷ್ಟು ಅನುಮಾನ ಇದ್ದರೆ ಮುಂದಿನ ಸೀಟಿನಲ್ಲಿ ಕೂತು ಮೀಟರು ನೋಡಿಕೊಂಡು ಬರಬೇಕು ಎಂದರು. ಅಣ್ಣ ಸ್ಪ್ಯಾನರು ಹಿಡಿದು ಹತ್ತಿ ಕೂತ. ನನ್ನ ಕಡೆ ತಿರುಗಲಿಲ್ಲ. ಆದರೆ ನಾನು ಎಳೆದಿದ್ದ ಹೆಬ್ಬೆರಳು ದಪ್ಪದ ವೈರನ್ನು ಮೊದಲಿಂದ ಕೊನೆಯವರೆಗೆ ಕಣ್ಣಲ್ಲೇ ಸವರಿದ. ಫ್ಯೂಸಿನ ಹತ್ತಿರ ಬಂದಾಗ ಕಣ್ಣು ಬೇರೆ ಕಡೆ ಹೊರಳಿಸಿದ.

ಮಧ್ಯಾಹ್ನ ಮೂರಕ್ಕೆ ಎಕ್ಸ್‌ಚೇಂಜಿನಿಂದ ಹೊರಟೆವು. ಸೌಂಡ್ ಬಾಕ್ಸುಗಳನ್ನು ಮೇಲಿನ ಕ್ಯಾರಿಯರಿಗೆ ಕಟ್ಟಿದ್ದೆ. ಕಿಟಕಿ ಗಾಜು ಏರಿಸಿದ್ದೆವು. ಹಿಂದಿನ ಸೀಟಿನಲ್ಲಿ ಹಾರ ಹಾಕಿಕೊಂಡ ದೇವೀರಮ್ಮ, ಅವರ ಎಡಬಲಕ್ಕೆ ಗೌರಕ್ಕ ಜಯಕ್ಕ. ಜಯಕ್ಕ ಇಳಿದುಹೋಗದಂತೆ ಅವಳ ಕಡೆಯ ಬಾಗಿಲಿನ ಹಿಡಿಯನ್ನು ನಾನು ಮೊದಲೇ ಬಿಚ್ಚಿಟ್ಟಿದ್ದೆ. ಮೊದಲ ಪೆಟ್ಟು ಬಿದ್ದಾಗ ಎಕ್ಸ್‌ಚೇಂಜಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ದೇವೀರಮ್ಮ ಕಣ್ಣು ಮುಚ್ಚಿಕೊಂಡು ಎದೆಯ ಮೇಲೆ ಕೈಯಿಟ್ಟುಕೊಂಡರು. ಅವರ ಮುಖದಲ್ಲಿ ಅಂಥ ನೆಮ್ಮದಿ ನಾನು ಹಿಂದೆ ಕಂಡಿರಲಿಲ್ಲ.

ಅಕ್ಕತಂಗಿಯರು ಈ ಸಲ ಪಣ ತೊಟ್ಟು ಬಂದಿದ್ದರು. ದೇವೀರಮ್ಮನ ಮಡಿಲ ಮೇಲೆ ಬಗ್ಗಿ ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಯಿಟ್ಟು ಕೂಗುತ್ತಿದ್ದಳು. ಡಿಪೋದ ತಿರುವು ದಾಟುವ ತನಕ ಹಿರೀಸೊಸೆ, ಬಸ್‌ಸ್ಟ್ಯಾಂಡು ದಾಟುವ ತನಕ ಕಿರೀಸೊಸೆ. ಮುಳ್ಳು ಹದಿಮೂರರ ಮೇಲೆ ಅಲ್ಲಾಡದೆ ನಿಂತಿತ್ತು. ರಸ್ತೆಯ ಎರಡೂ ಕಡೆ ಜನ ನಿಂತು, ತಾವೂ ಏನಾದರೂ ಸಹಾಯವಾಗಲಿ ಎಂದು ಮಾತಾಡುತ್ತಿದ್ದರು. ಹೊರಗಿನವರ ಮಾತು ಕಾರಿಗೆ ದಕ್ಕುವುದಿಲ್ಲ, ಆದರೂ ಅವರ ಅಭಿಮಾನ ದೊಡ್ಡದು.

ಮೇಗಲಕೇರಿಯ ಏರು ಶುರುವಾಗುವ ಹೊತ್ತಿಗೆ ಸೊಸೆಯರು ಮುಗಿದರು. ಗೌರಕ್ಕ ಬೀಗರ ಮನೆಯ ಕಥೆ ತೆಗೆದಳು, ಅದು ಹಳೆಯದು, ಮುಳ್ಳು ಹನ್ನೆರಡಕ್ಕೆ ಬಂತು. ಜಯಕ್ಕನ ಗಂಟಲು ಕಟ್ಟಿತು, ಹನ್ನೊಂದೂವರೆ. ಏರಿಗೆ ಕಾರು ಏದುಸಿರು ಬಿಡುತ್ತಿತ್ತು. ತಮಟೆಯ ಪೆಟ್ಟು ಬಿದ್ದಾಗಲೆಲ್ಲ ಡ್ಯಾಶ್‌ಬೋರ್ಡಿನ ದೀಪ ಕಣ್ಣು ಮಿಟುಕಿಸತೊಡಗಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಸಾಹೇಬರು ಸ್ಕೂಟರಿನ ಮೇಲೆ ಒಂದು ಕೈಯಲ್ಲಿ ಹಾಜರಿ ಪುಸ್ತಕದ ದಾರ ಬಿಚ್ಚುತ್ತಿದ್ದರು. ದೇವೀರಮ್ಮ ಕಣ್ಣು ತೆರೆದು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಹನ್ನೊಂದು. ಅಣ್ಣ ಮೀಟರಿನ ಗಾಜಿನ ಮೇಲೆ ಬೆರಳಿಟ್ಟು, ಕುಟ್ಟಿ, ಬಗ್ಗಿ ಟರ್ಮಿನಲ್ ಸಡಿಲವಾಯಿತೇನೋ ಎಂದು ತಡವರಿಸತೊಡಗಿದ. ಅವನ ಹಣೆಯಲ್ಲಿ ಬೆವರು. ಇದೂ ತನ್ನದೇ ತಪ್ಪು ಎಂದು ಅವನು ಆಗಲೇ ನಂಬಿಬಿಟ್ಟಿದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಣ್ಣ, ಅವತ್ತು ನೀನು ಫ್ಯೂಸ್ ಹಾಕಿದ್ದೆ. ತೆಗ್ದೋನು ನಾನು."

ಮುಳ್ಳು ಹನ್ನೊಂದರಿಂದ ಒಂದೇ ನೆಗೆತಕ್ಕೆ ಹದಿನಾರಕ್ಕೆ ಹೋಗಿ ಅಂಚಿಗೆ ಬಡಿಯಿತು. ಹಗಲು ಹೊತ್ತಿನಲ್ಲಿ ಹೆಡ್‌ಲೈಟು ಕಣ್ಣು ಕುಕ್ಕುವಂತೆ ಉರಿಯಿತು. ವೈಪರುಗಳು ತಾವಾಗಿ ಆಡತೊಡಗಿದವು. ಮೇಲೆ ತಮಟೆ ಎದ್ದ ರಭಸಕ್ಕೆ ಕೇರಿಯ ಹೆಂಚುಗಳು ಗಡಗಡ ಅಂದವು, ಸಾಹೇಬರು ಪುಸ್ತಕ ಬಿಟ್ಟು ಎರಡು ಕೈಯಲ್ಲೂ ಸ್ಕೂಟರು ಹಿಡಿದುಕೊಂಡರು. ಅಣ್ಣ ಬಗ್ಗಿದ್ದವನು ಎದ್ದ. ಮೀಟರು ನೋಡಿದ. ಹಿಂದೆ ತಿರುಗಿ ಅಕ್ಕತಂಗಿಯರನ್ನು ನೋಡಿದ, ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು. ಆಮೇಲೆ ನನ್ನ ಬಾಯಿ ನೋಡಿದ. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಆದರೆ ಬ್ಯಾಟರಿ ಮಾರುವವನಿಗೆ ಹದಿನಾರು ವೋಲ್ಟು ಅಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಏರು ಹತ್ತಿ ನಿಂತೆವು. ದೇವೀರಮ್ಮ ಹೊಸ್ತಿಲು ದಾಟಿದರು, ಸಾಹೇಬರು ಅವರ ಹೆಸರಿನ ಮೇಲೆ ಗೀಟು ಹಾಕಿದರು, ನಾನು ತಮಟೆ ನಿಲ್ಲಿಸಿದೆ. ಅಕ್ಕತಂಗಿಯರು ಹೋಳಿಗೆಯ ವಾಸನೆ ಹಿಡಿದು ಒಳಗೆ ನಡೆದರು. ದೇವೀರಮ್ಮ ಹಾರ ತೆಗೆಯುತ್ತ ವಾಪಸು ಬಂದು ಕಾರಿನ ಕಿಟಕಿಗೆ ಬಗ್ಗಿದರು.

"ಕೇಳಿಸ್ಕಳೋ ಕೆಲ್ಸ ನಾನಿವತ್ತು ಬಿಟ್ಟೆ ಕಣ್ರಪ್ಪ. ಇನ್ನು ನಿಮ್ದು ನೀವೇ ಕೇಳಿಸ್ಕಳಿ," ಎಂದು ಹೇಳಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕಾರಿನಲ್ಲಿ ನಾವಿಬ್ಬರೇ ಉಳಿದೆವು. ಅಣ್ಣ ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಗಾಜನ್ನು ನೋಡುತ್ತಿದ್ದ. ಗಾಜಿನಿಂದ ಕಣ್ಣು ತೆಗೆಯದೆಯೇ ಕೇಳಿದ.

"ಏರಲ್ಲಿ ಏನಂದೆ?"

ಹನ್ನೊಂದು ವರ್ಷದ ಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು. ಗೇರು ಬೀಳಲಿಲ್ಲ ಅಂದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಆ ಸುಳ್ಳು ನನ್ನ ನಾಲಿಗೆಯ ತುದಿಗೂ ಬಂದಿತ್ತು. ದೇವೀರಮ್ಮ ಮನೆ ಸೇರಿಯಾಗಿತ್ತು, ಮಾತಿನಲ್ಲಿದ್ದ ಕರೆಂಟೆಲ್ಲ ಖರ್ಚಾಗಿತ್ತು. ಅದನ್ನೇ ಇನ್ನೊಂದು ಸಲ ಹೇಳಿದರೆ ಒಂದು ಬಲ್ಬೂ ಹತ್ತುವುದಿಲ್ಲ. ಅವನಿಗೆ ಕೇಳಿಸುವುದೊಂದು ಬಿಟ್ಟು ಆ ಮಾತಿನಿಂದ ಇನ್ನೇನೂ ಆಗಬೇಕಾದ್ದಿರಲಿಲ್ಲ. ಸ್ಟಿಯರಿಂಗ್ ಬಿಗಿಯಾಗಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ದಪ್ಪ ವೈರು, ಜೇಬು, ಉದ್ದಿನವಡೆ, ಅಪ್ಪ ಕೇಳಿದಾಗ ನಾನು ರಸ್ತೆ ನೋಡುತ್ತಿದ್ದದ್ದು, ಒಂದನ್ನೂ ಬಿಡಲಿಲ್ಲ. ಎಲ್ಲವೂ ಏರಿನಲ್ಲಿ ಆಡಿದ ಮಾತಿನ ಬಾಲವೇ, ಮೀಟರಿನ ಮುಳ್ಳು ಇದ್ದಲ್ಲೇ ಇತ್ತು.

ಅಣ್ಣ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಹಂಗಾದ್ರೆ ನಾನು ಹಾಕಿದ್ದೆ."

"ಹಾಕಿದ್ದೆ ಅಣ್ಣ."

"ಮೂವತ್ತು ಆಂಪಿಯರಿಂದು."

"ಮೂವತ್ತರದ್ದೇ. ಬ್ಯಾಟರಿಯಿಂದ ಒಂದು ಮೊಳ ದೂರ ಕೂಡ ಇರ್ಲಿಲ್ಲ."

ಅವನು ತಲೆಯಾಡಿಸಿದ. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ನನಗೂ ಅಳು ಬಂತು. ಕಾಲಿಗೆ ಬೀಳೋಣವೆಂದರೆ ಗೇರ್ ಲಿವರ್ ಅಡ್ಡ ಇತ್ತು. ಅಷ್ಟರಲ್ಲಿ ಅವನು ಶುರು ಮಾಡಿದ.

"ಹನ್ನೊಂದು ವರ್ಷ ಕಣೋ ಬೇವಾರ್ಸಿ," ಎಂದ, ಅಲ್ಲಿಂದ ಹಿಡಿದ ಬೈಗುಳ ಬೈಗುಳ. ನಮ್ಮಣ್ಣನಲ್ಲಿ ಅಷ್ಟು ಮಾತು ಇತ್ತೆಂದು ನನಗೆ ಗೊತ್ತಿರಲಿಲ್ಲ. ಸ್ವಂತ ಮನೆಯ ಬಲ್ಬು ಬದಲಾಯಿಸಲು ಬೇರೆಯವರನ್ನು ಕರೆಸಿದ್ದು, ಮಗಳು ಇಸ್ತ್ರಿಪೆಟ್ಟಿಗೆಯ ಪಿನ್ನು ಕೊಟ್ಟು ಹಾಕಿಕೊಡಪ್ಪ ಎಂದಾಗ ಹಿತ್ತಲಿಗೆ ಎದ್ದುಹೋದದ್ದು, ಬೀಗವನ್ನು ಎಳೆದೂ ಎಳೆದೂ ಬೆರಳ ಗಂಟು ನೋವು ಹಿಡಿದದ್ದು, ಒಂದೊಂದಕ್ಕೂ ಒಂದೊಂದು ಬೈಗುಳ. ಅವೆಲ್ಲ ಹೊಸ ಮಾತುಗಳು, ಯಾರಿಗೂ ಹೇಳದವು. ಮುಳ್ಳು ಮತ್ತೆ ಹದಿನಾರಕ್ಕೆ ಹೋಗಿ ಅಲ್ಲೇ ಕೂತಿತು. ಹೆಡ್‌ಲೈಟು ಉರಿಯಿತು, ಹಾರನ್ ಒದರಿತು. ದೇವೀರಮ್ಮ ಗಾಬರಿಯಿಂದ ಕಿಟಕಿ ತೆಗೆದು, ಇದು ತಮ್ಮ ಲೆಕ್ಕಕ್ಕೆ ಬರುವುದಿಲ್ಲ ತಾನೆ ಎಂದು ಸಾಹೇಬರನ್ನು ಕೇಳಿದರಂತೆ. ಬರುವುದಿಲ್ಲ, ಅವರದು ಮುಗಿದಿದೆ ಎಂದು ಸಾಹೇಬರು ಸಮಾಧಾನ ಹೇಳಿದರಂತೆ. ನಾನು ಕಾರನ್ನು ಮೆಲ್ಲಗೆ ಇಳಿಸಿದೆ. ಬಸ್‌ಸ್ಟ್ಯಾಂಡು, ಡಿಪೋ, ಎಕ್ಸ್‌ಚೇಂಜು, ಎಲ್ಲ ದಾಟಿದರೂ ಅಣ್ಣ ನಿಲ್ಲಿಸಲಿಲ್ಲ. ದಾರಿಯಲ್ಲಿ ಬೆಳಕು ಕಂಡ ಜನ, ಯಾರದೋ ಮದುವೆಯ ಗಾಡಿಯೆಂದು ಕೈ ಬೀಸಿದರು. ಬೈಸಿಕೊಳ್ಳುವುದು ಇಷ್ಟು ಹಿತವಾಗಿರುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಹನ್ನೊಂದು ವರ್ಷ ಕಾಯುತ್ತಿದ್ದೆನೇ?

ಅಂಗಡಿಯ ಮುಂದೆ ನಿಲ್ಲಿಸುವ ಹೊತ್ತಿಗೆ ಅವನ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಇಳಿದು, ಬಾಗಿಲನ್ನು ದಢಾರನೆ ಹಾಕಿ, ಹಿಂದಿರುಗಿ ನೋಡದೆ ಮನೆಗೆ ಹೋದ. ಕೊನೆಯ ಸಲ ಬೈದು ಮುಗಿಸಿದ, ಇನ್ನು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ಸುಂದ್ರಿ ಏನಾಯಿತೆಂದು ಕೇಳಿದರೆ ಅವಳಿಗೂ ಹೇಳಲಾಗಲಿಲ್ಲ, ಊಟವೂ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿ ತೆಗೆದು ಕಸ ಗುಡಿಸುತ್ತಿದ್ದೆ. ಅಣ್ಣ ಬಂದ. ತನ್ನ ಅಂಗಡಿಯ ಕಡೆ ಹೋಗಲಿಲ್ಲ, ರಸ್ತೆ ದಾಟಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. ಕೊರಳಿಗೆ ಮಫ್ಲರು ಸುತ್ತಿಕೊಂಡಿದ್ದ. ಸ್ಟೂಲು ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡ.

"ನಿನ್ನೆ ಎಲ್ಲಿಗೆ ನಿಲ್ಸಿದ್ದೆ?"

ನಾನು ಪೊರಕೆ ಹಿಡಿದುಕೊಂಡೇ ಹೇಳಿದೆ. "ಅಪ್ಪನ ತಿಥಿ ದಿನ ನಾನು ಬಡಿಸೋಕೆ ಬಂದಾಗ ನೀನು ಎಲೆ ಬಿಟ್ಟು ಎದ್ದಿದ್ದು. ಅಲ್ಲಿಗೆ."

ಹೂಂ ಎಂದ. ಎರಡು ಟೀ ತರಿಸು ಎಂದು ಹೇಳಿ, ಅಲ್ಲಿಂದ ಮುಂದಕ್ಕೆ ಬೈಯತೊಡಗಿದ.